ಪ್ರತಿಮಾಳ ಸೆರಗಿಗೆ ನಾನು ಚುಚ್ಚಿದ ಪಿನ್ನು

ನಾವು ಲಂಡನ್ನಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಕೆಳಗಿನ ಫ್ಲ್ಯಾಟಿನಲ್ಲಿದ್ದ ಮಿಸೆಸ್ ಡಾಸನ್ ಎಂಬ ಇಂಗ್ಲಿಷ್ ಅಜ್ಜಿ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. ಮೊಣಕಾಲು ಬಾತಿದೆ, ಹೊರಗೆ ಹೋಗಲಾಗುತ್ತಿಲ್ಲ, ದಾರಿಯಲ್ಲಿ ಇದೊಂದನ್ನು ಅಂಚೆ ಡಬ್ಬಿಗೆ ಹಾಕುತ್ತೀಯಾ ಎಂದು ಒಂದು ಲಕೋಟೆ ಕೊಟ್ಟರು. ಲಕೋಟೆ ನಡುವೆ ಉಬ್ಬಿತ್ತು. ಒಡೆಯುವ ವಸ್ತುವೇನಾದರೂ ಇದೆಯೇ, ಜೋಪಾನವಾಗಿ ಹಿಡಿಯಬೇಕೇ ಎಂದು ಕೇಳಿದೆ. "ಹಾಗೇನೂ ಇಲ್ಲಮ್ಮ, ಅದರಲ್ಲಿರುವುದು ನನ್ನ ಮಲ" ಎಂದರು. ಉಪ್ಪಿನಕಾಯಿ ಇದೆ ಅನ್ನುವಷ್ಟು ಸಲೀಸಾಗಿ ಅಂದರು.

ಕೆಂಪು ಅಂಚೆ ಡಬ್ಬಿಯ ತನಕ ನಾನು ಆ ಲಕೋಟೆಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ನಡೆದೆ. ಇಲ್ಲಿ ಐವತ್ತು ದಾಟಿದವರ ಮನೆಗೆ ಸರ್ಕಾರಿ ಆರೋಗ್ಯ ಸೇವೆಯವರೇ ಒಂದು ಪುಟ್ಟ ಸೀಸೆ ಕಳಿಸುತ್ತಾರೆ. ಅದರ ಮುಚ್ಚಳಕ್ಕೆ ಒಂದು ಕಡ್ಡಿ. ಮಲದ ಮೇಲೆ ಕಡ್ಡಿ ಗೀರಿ, ಸೀಸೆ ಮುಚ್ಚಿ ಅಂಚೆಗೆ ಹಾಕಿದರೆ ಆಯಿತು, ಕರುಳಿನ ಕ್ಯಾನ್ಸರಿನ ಸುಳಿವು ಇದೆಯೋ ಇಲ್ಲವೋ ಅವರೇ ನೋಡಿ ತಿಳಿಸುತ್ತಾರೆ. ಇದನ್ನು ನನಗೆ ಮನೆಯವರು ಆಮೇಲೆ ಹೇಳಿದರು. ನನಗೆ ಅಸಹ್ಯವಾಯಿತು ಅಂದುಕೊಳ್ಳಬೇಡಿ. ಆದದ್ದು ಹೊಟ್ಟೆಕಿಚ್ಚು.

ಯಾಕೆ ಅಂದರೆ, ನಾನು ಬಾಗಲಕೋಟೆ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ಹತ್ತು ಹನ್ನೆರಡು ವರ್ಷ ಆರೋಗ್ಯ ಸಹಾಯಕಿಯಾಗಿದ್ದವಳು. ಜನರ ಬಾಯಲ್ಲಿ ನರ್ಸಬಾಯಾರು. ಕ್ಷಯದ ಗುಮಾನಿ ಇದ್ದವರಿಂದ ಕಫದ ಮಾದರಿ ಪಡೆಯಲು ಒಂದೊಂದು ಮನೆಗೆ ಎಷ್ಟು ಸಲ ಅಲೆದಿದ್ದೇನೋ ಲೆಕ್ಕವಿಲ್ಲ. ಡಬ್ಬಿ ಕೊಟ್ಟು ಬಂದರೆ, ಮರುದಿನದ ಹೊತ್ತಿಗೆ ಅದರಲ್ಲಿ ಸುಣ್ಣ ತುಂಬಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದರು. ಅಲ್ಲಿ ಕಾಡಿ ಬೇಡಿದರೂ ಸಿಗದಿದ್ದದ್ದನ್ನು ಇಲ್ಲಿ ಒಬ್ಬ ಅಜ್ಜಿ ತಾನಾಗಿ ಅಂಚೆಗೆ ಹಾಕುತ್ತಾರೆ. ಯಾವ ನರ್ಸಬಾಯಿ ಈ ಊರಿಗೆ ಇಷ್ಟು ಕಲಿಸಿದಳೋ ಎಂದು ಮುಖ ಕಾಣದ ಅವಳ ಮೇಲೆ ನನ್ನ ಹೊಟ್ಟೆ ಉರಿಯಿತು.

ಮನೆಯವರು ಬಸವರಾಜ ಕೂಡ ನರ್ಸು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದ್ದು ಅವರಿಗೆ. ಅವರ ವೀಸಾದ ಬಾಲ ಹಿಡಿದು ನಾನೂ ಮಗಳು ಸೃಷ್ಟಿಯೂ ಬಂದೆವು. ಲಂಡನ್ನಿನ ದಕ್ಷಿಣದ ಅಂಚಿನಲ್ಲಿರುವ ಸಟನ್ ಎಂಬಲ್ಲಿ ಮನೆ ಮಾಡಿದೆವು. ಆಸ್ಪತ್ರೆ ಹತ್ತಿರ, ಮಕ್ಕಳನ್ನು ಪರೀಕ್ಷೆ ಮಾಡಿ ಸೇರಿಸಿಕೊಳ್ಳುವ ಒಳ್ಳೆಯ ಶಾಲೆಗಳಿವೆ ಎಂದು ಅವರ ಜೊತೆಯವರು ಹೇಳಿದ್ದರು. ಹಳೆಯ ಮನೆಯ ಮೇಲಿನ ಅಂತಸ್ತು. ಬಚ್ಚಲಿನ ಮೂಲೆಯಲ್ಲಿ ಕಪ್ಪು ಬೂಷ್ಟು. ಎಷ್ಟು ಒರೆಸಿದರೂ ವಾರದಲ್ಲಿ ಮತ್ತೆ ಹಾಜರು. ನಮ್ಮ ಕಡೆ ಬಿಸಿಲಿಗೆ ಒಗೆದ ಬಟ್ಟೆ ತಂತಿಯ ಮೇಲೆ ಹಪ್ಪಳವಾಗುತ್ತದೆ. ಇಲ್ಲಿ ಸೀರೆಯೊಳಗೆ ಉಡುವ ಒಂದು ಪರಕಾರ ಒಣಗಲು ಎರಡು ದಿನ ಬೇಕು. ರೊಟ್ಟಿ ಬಡಿದು ಹಂಚಿಗೆ ಹಾಕಿದರೆ ಸಾಕು, ಹೊಗೆ ಬಂತೆಂದು ಚಾವಣಿಯ ಗಂಟೆ ಬಾಯಿ ಬಡಿದುಕೊಳ್ಳುತ್ತಿತ್ತು. ಸೃಷ್ಟಿ ಸ್ಟೂಲಿನ ಮೇಲೆ ಹತ್ತಿ ಟವೆಲಿನಿಂದ ಅದಕ್ಕೆ ಗಾಳಿ ಬೀಸುತ್ತಿದ್ದಳು. ಹಾಗೆ ಬೀಸುತ್ತಲೇ ಇರುವಾಗ ಒಂದು ದಿನ ನಾನು ಸುಟ್ಟ ರೊಟ್ಟಿ ಗಂಟೆ ಬಾರಿಸದೆಯೇ ಉಬ್ಬಿತು. ಆ ದಿನ ನಾವು ಮೂವರೂ ಹಬ್ಬದೂಟ ಉಂಡ ಹಾಗೆ ಉಂಡೆವು.

ಭಾಷೆಯೂ ಹಾಗೆಯೇ, ಸುಟ್ಟು ಸುಟ್ಟು ಕಲಿತದ್ದು. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನನಗೆ ವಾರಕ್ಕೆ ಕೆಲವು ದಿನದ ಕೆಲಸ ಸಿಕ್ಕಿತ್ತು. ಅಲ್ಲಿ ಬೆಳಿಗ್ಗೆ ಎದುರಾದವರೆಲ್ಲ "ಯು ಆಲ್‌ರೈಟ್?" ಅನ್ನುತ್ತಿದ್ದರು. ನನ್ನ ಮುಖದಲ್ಲಿ ಏನೋ ಕಾಯಿಲೆ ಕಾಣುತ್ತಿರಬೇಕು ಅಂದುಕೊಂಡು, ನಿದ್ದೆ ಕಡಿಮೆ, ಚಳಿಗೆ ಕೀಲು ಹಿಡಿಯುತ್ತದೆ ಎಂದೆಲ್ಲ ವಿವರವಾಗಿ ಹೇಳುತ್ತಿದ್ದೆ. ಅವರು ಹಲ್ಲು ಕಿರಿದು ಹಿಂದೆ ಹಿಂದೆ ಸರಿಯುತ್ತಿದ್ದರು. ಅದು ಪ್ರಶ್ನೆಯಲ್ಲ, ನಮ್ಮ 'ಊಟ ಆತೇನ್ರಿ' ಇದ್ದ ಹಾಗೆ ಎಂದು ತಿಳಿಯುವಷ್ಟರಲ್ಲಿ ನನ್ನ ಕೀಲುಗಳ ವಿಚಾರ ಆ ಮನೆಗೆಲ್ಲ ಗೊತ್ತಾಗಿತ್ತು.

ಕಾಲೇಜು ಸೇರಿದ್ದು ಎರಡನೆಯ ವರ್ಷ. ಸ್ಟ್ರಾಟ್‌ಫರ್ಡಿನ ಒಂದು ಕಾಲೇಜಿನಲ್ಲಿ, ಕೆಲಸ ಮಾಡುವ ದೊಡ್ಡವರಿಗಾಗಿ ಸಂಜೆಯ ಹೊತ್ತು ಆರೋಗ್ಯ ಶಿಕ್ಷಣದ ಪದವಿ ಇತ್ತು. ರೋಗ ಬಂದ ಮೇಲೆ ಮದ್ದು ಕೊಡುವ ಓದಲ್ಲ ಅದು, ರೋಗ ಬಾರದ ಹಾಗೆ ಜನರಿಗೆ ತಿಳಿಹೇಳುವ ಓದು. ಅಂದರೆ ನಾನು ಹಳ್ಳಿಯ ಕಟ್ಟೆಗಳ ಮೇಲೆ ಕೂತು ಮಾಡುತ್ತಾ ಬಂದದ್ದೇ. ಇದರಲ್ಲಾದರೂ ನಾನು ಯಾರಿಗೂ ಕಡಿಮೆಯಿಲ್ಲ ಅನ್ನುವ ಧೈರ್ಯದಿಂದ ಹೋದೆ.

ಸಟನ್ನಿನಿಂದ ರೈಲಿನಲ್ಲಿ ಲಂಡನ್ ಬ್ರಿಜ್‌ಗೆ ಬಂದು, ಅಲ್ಲಿ ನೆಲದಡಿಗೆ ಇಳಿದು ಸ್ಟ್ರಾಟ್‌ಫರ್ಡಿಗೆ ಟ್ಯೂಬ್ ಹಿಡಿಯಬೇಕು. ಮೊದಲ ವಾರವೇ ಅಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳು ಹೆಣ್ಣುಮಗಳು ಫೋನಿನಲ್ಲಿ ಯಾರಿಗೋ "ಕುಕ್ಕರ್ ಮೂರ್ ಸೀಟಿ ಹೊಡೀಲಿ, ಮತ್ತೆ ಬಂದ್ ಮಾಡಿ" ಎಂದು ಹೇಳುತ್ತಿದ್ದಳು. ಕಿವಿ ನೆಟ್ಟಗಾಯಿತು. ಅವಳು ಪ್ರತಿಮಾ, ಕುಂದಾಪುರದ ಕಡೆಯವಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು. ಗಂಡ ದಕ್ಷಿಣ ಭಾರತದ ಹೋಟೆಲೊಂದರ ಅಡುಗೆಮನೆಯ ಉಸ್ತುವಾರಿ. ಮನೆ ಕೊಲಿಂಡೇಲ್‌ನಲ್ಲಿ, ಲಂಡನ್ನಿನ ಇನ್ನೊಂದು ತುದಿ. ಅವಳೂ ಅದೇ ಕಾಲೇಜಿಗೆ, ಅದೇ ತರಗತಿಗೆ.

ಅಂದಿನಿಂದ ಸಂಜೆಯ ಟ್ಯೂಬಿನಲ್ಲಿ ನಾವಿಬ್ಬರೂ ಜೊತೆ. ಮೊದಮೊದಲು ನನ್ನ ಮಾತು ಅವಳಿಗೆ, ಅವಳದು ನನಗೆ ಅರ್ಧಂಬರ್ಧ. ಕೊನೆಗೆ ಇಬ್ಬರೂ ಬೆಂಗಳೂರಿನವರ ಹಾಗೆ ಮಾತಾಡಲು ಹೋಗಿ ನಗು ಬಂದು ಬಿಟ್ಟುಬಿಡುತ್ತಿದ್ದೆವು. ಊರಲ್ಲಿ ಅವಳು ಅಂಗಡಿಯೊಂದರಲ್ಲಿ ಬಟ್ಟೆ ಮಾರುತ್ತಿದ್ದಳಂತೆ. ಆರೋಗ್ಯದ ಗಂಧ ಗಾಳಿ ಇರಲಿಲ್ಲ. ರಕ್ತಹೀನತೆ ಅಂದರೇನು, ಲಸಿಕೆ ಯಾಕೆ ತಣ್ಣಗಿರಬೇಕು, ಎಲ್ಲವನ್ನೂ ನಾನೇ ಬಿಡಿಸಿ ಹೇಳಿದೆ. ಅವಳು ಅಕ್ಕ ಅಕ್ಕ ಎಂದು ಬಾಯಿ ತೆರೆದು ಕೇಳುತ್ತಿದ್ದಳು. ಊರು ಬಿಟ್ಟ ಮೇಲೆ ನನ್ನ ಮಾತನ್ನು ಹಾಗೆ ಕೇಳಿದವರು ಅವಳೊಬ್ಬಳೇ. ಅಜ್ಜಿಯ ಲಕೋಟೆಯ ಕತೆಯನ್ನೂ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕದ್ದಕ್ಕೆ ಎದುರು ಸೀಟಿನ ದೊರೆ ಪತ್ರಿಕೆ ತಗ್ಗಿಸಿ ನಮ್ಮನ್ನು ನೋಡಿದ.

ಆಗಲೇ ಒಂದಿಷ್ಟು ಕಿಚ್ಚು ಇರಲಿಲ್ಲ ಅಂತಲ್ಲ. ಅವಳ ಮನೆಗೆ ಒಮ್ಮೆ ಊಟಕ್ಕೆ ಹೋದೆವು. ಹೊಸ ಕಟ್ಟಡ, ಲಿಫ್ಟು, ಗೋಡೆಯ ಮೇಲೆ ಬೂಷ್ಟಿನ ಕಲೆ ಒಂದೂ ಇಲ್ಲ. ದೊಡ್ಡ ಗಾಜಿನ ಕಿಟಕಿಯ ಹಿಂದೆ ಒಂದು ಕುಂಡದಲ್ಲಿ ಕರಿಬೇವು ಎದೆಯೆತ್ತರ ಬೆಳೆದು ನಿಂತಿತ್ತು. ನಾನು ತಂದ ಮೂರು ಕರಿಬೇವಿನ ಸಸಿಗಳೂ ಸಟನ್ನಿನ ಚಳಿಗೆ ಕಪ್ಪಾಗಿ ಸತ್ತಿದ್ದವು. "ತಗೊಳಿ ಅಕ್ಕ" ಎಂದು ಅವಳು ಒಂದು ಹಿಡಿ ಕಿತ್ತು ಕೊಟ್ಟಳು. ಮನೆಗೆ ಬಂದು ಒಗ್ಗರಣೆಗೆ ಹಾಕಿದೆ. ಘಮ್ಮೆಂದಿತು. ಅದಕ್ಕೂ ಸಿಟ್ಟು ಬಂತು.

ಮರುವರ್ಷ ನಮ್ಮ ಮೇಡಮ್ಮು ತರಗತಿಯಲ್ಲಿ ಆನರ್ ಸೊಸೈಟಿಯ ಮಾತು ತೆಗೆದರು. ಮೇಡಮ್ ಅಂದರೆ ಇಲ್ಲಿ ಯಾರೂ ಓಗೊಡುವುದಿಲ್ಲ. ಕ್ಯಾರೊಲ್ ಎಂದು ಹೆಸರು ಹಿಡಿದೇ ಕರೆಯಬೇಕು. ಅದು ನನ್ನ ನಾಲಿಗೆಗೆ ಇಂದಿಗೂ ಕಷ್ಟ. ಓದಿನಲ್ಲೂ ಜನರ ನಡುವೆ ಮಾಡುವ ಕೆಲಸದಲ್ಲೂ ಮುಂದಿರುವ ಆರೋಗ್ಯ ಶಿಕ್ಷಣದ ವಿದ್ಯಾರ್ಥಿಗಳಿಗೆಂದೇ ಇರುವ ಗೌರವ ಸಂಘ ಅದು. ಅಮೆರಿಕದ ಪದ್ಧತಿಯಂತೆ. ಅಲ್ಲಿನ ಒಂದು ಕಾಲೇಜಿನ ಜೊತೆ ನಮ್ಮ ಕಾಲೇಜಿಗೆ ಒಡಂಬಡಿಕೆ ಇದ್ದುದರಿಂದ ಇಲ್ಲಿಗೂ ಬಂದಿತ್ತು. ನಾವಾಗಿ ಸೇರಲು ಬರುವುದಿಲ್ಲ, ಅವರಾಗಿ ಕರೆಯಬೇಕು. ಸೇರುವ ದಿನ ದೀಪ ಹಚ್ಚಿ, ಎದೆಗೊಂದು ಪಿನ್ನು ಚುಚ್ಚುತ್ತಾರೆ. ಇಂಗ್ಲಿಷ್ ಹುಡುಗಿಯರು ಇದನ್ನು ಕೇಳಿ ಭುಜ ಕುಣಿಸಿದರು. ಅವರಿಗೆ ಇಂಥ ಮೆರೆದಾಟ ಸ್ವಲ್ಪ ನಗೆಪಾಟಲು.

ನನಗೆ ಮಾತ್ರ ಬೇಕಾಗಿತ್ತು. ಬಾಯಿ ಬಿಟ್ಟು ಹೇಳಲಾಗದಷ್ಟು ಬೇಕಾಗಿತ್ತು. ಊರಲ್ಲಿ ನಮ್ಮ ಉಪಕೇಂದ್ರಕ್ಕೆ ಒಳ್ಳೆಯ ಹೆಸರು ಬಂದಾಗ ಶಾಲು ಬಿದ್ದದ್ದು ಡಾಕ್ಟರ ಹೆಗಲಿಗೆ. ನಾನು ಹಿಂದೆ ನಿಂತು ಚಪ್ಪಾಳೆ ಹೊಡೆದವಳು. ಈಗ ನನ್ನ ಸರದಿ ಎಂದು ಮನಸ್ಸು ನಿಶ್ಚಯಿಸಿಬಿಟ್ಟಿತು. ತರಗತಿಯಲ್ಲಿ ಅನುಭವ ಇದ್ದವಳು ನಾನೊಬ್ಬಳೇ ತಾನೇ? ಸಟನ್ನಿನ ಲೈಬ್ರರಿಯಲ್ಲಿ ರಕ್ತಹೀನತೆಯ ಬಗ್ಗೆ ಒಂದು ಕಾರ್ಯಕ್ರಮವನ್ನೂ ಮಾಡಿದ್ದೆ. ಅಚ್ಚುಕಟ್ಟಾದ ಚಿತ್ರಗಳು, ಒಂದು ತಪ್ಪಿಲ್ಲದ ಮಾತು. ಬಂದವರು ಬೆರಳೆಣಿಕೆಯಷ್ಟು, ಮುಗಿಯುವಾಗ ಉಳಿದವರು ಅದಕ್ಕೂ ಕಡಿಮೆ. ಅದು ಮಳೆಯ ತಪ್ಪು ಎಂದುಕೊಂಡೆ.

ಚಳಿಗಾಲದ ಒಂದು ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಪ್ರತಿಮಾ ಫೋನು ಹಿಡಿದುಕೊಂಡು ಓಡಿ ಬಂದಳು.

"ಹ್ವಾಯ್ ಅಕ್ಕ, ಇದ್ ಎಂತ ಕಾಣಿ. ಕಾಲೇಜಿಂದ ಬಂದದ್. ನಾನ್ ಎಂತಾರು ತಪ್ಪ್ ಮಾಡಿದ್ನಾ?"

ಇಮೇಲು ಓದಿದೆ. ಆನರ್ ಸೊಸೈಟಿಗೆ ಅವಳನ್ನು ಕರೆದಿದ್ದರು. ಉದ್ದುದ್ದ ವಾಕ್ಯಗಳ ಇಂಗ್ಲಿಷು, ಗಾಬರಿಯಲ್ಲಿ ಅವಳಿಗೆ ತಲೆಬುಡ ತಿಳಿದಿರಲಿಲ್ಲ. ಒಂದೊಂದು ಸಾಲಾಗಿ ನಾನೇ ಅವಳಿಗೆ ಕನ್ನಡದಲ್ಲಿ ಹೇಳಬೇಕಾಯಿತು. ನೀನು ಈ ಗೌರವಕ್ಕೆ ಯೋಗ್ಯಳು ಎಂದು ಬರೆದಿದ್ದಾರೆ. ನಿನ್ನಂಥವರು ಈ ವೃತ್ತಿಗೆ ಬೇಕು ಎಂದು ಬರೆದಿದ್ದಾರೆ. ಹೇಳುತ್ತಾ ಹೇಳುತ್ತಾ ಎರಡು ಟ್ಯೂಬು ಹೋದವು.

"ನಿಮ್ಗೂ ಬಂದಿತಲ್ದಾ?" ಎಂದಳು.

"ಇಲ್ಲವಾ."

"ಹಾಂಗಾರೆ ಅವ್ರಿಗೇ ಎಂತದೋ ತಪ್ಪಿತ್. ನಾನ್ ಕೇಳ್ತೆ ಕ್ಯಾರೊಲ್ ಹತ್ರ."

"ಏನೂ ಕೇಳಬ್ಯಾಡ" ಎಂದೆ. ದನಿ ಬಿರುಸಾಯಿತು. ಅವಳು ಫೋನು ಚೀಲಕ್ಕೆ ಹಾಕಿಕೊಂಡಳು.

ಹೊಟ್ಟೆಕಿಚ್ಚಿನ ಬಗ್ಗೆ ನಮ್ಮಲ್ಲಿ ಗಾದೆಗಳು ಬೇಕಾದಷ್ಟಿವೆ, ಆದರೆ ಅದು ಹೇಗಿರುತ್ತದೆ ಎಂದು ಯಾರೂ ಹೇಳುವುದಿಲ್ಲ. ಊರಲ್ಲಾಗಿದ್ದರೆ ಯಾರಾದರೂ ಒಬ್ಬರ ಮುಂದೆ ಅವಳ ಬಗ್ಗೆ ಒಂದು ಮಾತು ಆಡಿ ಹಗುರಾಗುತ್ತಿದ್ದೆ. ಅತ್ತಿಗೆ ಇದ್ದಳು, ಪಕ್ಕದ ಮನೆಯವಳಿದ್ದಳು. ಇಲ್ಲಿ ನನ್ನ ಮಾತು ತಿಳಿಯುವ ಗೆಳತಿ ಎಂದರೆ ಅವಳೊಬ್ಬಳೇ. ಅವಳ ಮೇಲಿನ ಸಿಟ್ಟನ್ನು ಹೇಳಿಕೊಳ್ಳಬೇಕಾದರೂ ಅವಳ ಹತ್ತಿರವೇ ಹೇಳಿಕೊಳ್ಳಬೇಕು. ಪರದೇಶದಲ್ಲಿ ಒಂಟಿತನ ಅಂದರೆ ಏನೆಂದು ನನಗೆ ಆ ವಾರ ತಿಳಿಯಿತು.

"ಯಾಕ, ಮಾರಿ ಹಿಂಗ್ಯಾಕ ಆಗೈತಿ?" ಎಂದು ಮನೆಯವರು ಕೇಳಿದರು. ಹೇಳಿದೆ. "ಮುಂದಿನ ಸಲ ನಿನಗ ಬರತೈತಿ ಬಿಡು" ಎಂದರು. ಮುಂದಿನ ಸಲ ಬಂದರೂ ಅವಳು ಮೊದಲು, ನಾನು ಎರಡು. ಇದು ಗಂಡಸಿಗೆ ತಿಳಿಯುವುದಿಲ್ಲ. ಸೃಷ್ಟಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತಟ್ಟೆಯಿಂದ ತಲೆ ಎತ್ತದೆ "ಬಟ್ ಪ್ರತಿಮಾ ಆಂಟಿ ಈಸ್ ಫನ್ನಿ, ಅಮ್ಮಾ" ಎಂದಳು. ನನ್ನ ಮಗಳೂ ಅವಳ ಕಡೆಗೇ.

ಅವಳನ್ನು ಯಾಕೆ ಕರೆದರು ಎಂದು ಕ್ಯಾರೊಲ್ ಅವರನ್ನೇ ಕೇಳಿದೆ. ಇಲ್ಲಿ ಹಾಗೆ ನೇರವಾಗಿ ಕೇಳುವುದು ಒರಟುತನವೋ ಏನೋ, ಆದರೆ ಅವರು ಬೇಸರಿಸದೆ ಒಂದು ವಿಡಿಯೋ ತೋರಿಸಿದರು. ಕೊಲಿಂಡೇಲ್‌ನ ಒಂದು ಸಭಾಂಗಣ. ಉಡುಪಿ, ಕುಂದಾಪುರದ ಕಡೆಯಿಂದ ಬಹಳ ಹಿಂದೆ ಬಂದು ಹೋಟೆಲುಗಳಲ್ಲಿ ದುಡಿದು ಹಣ್ಣಾದ ಗಂಡಸರು, ಅವರ ಹೆಂಡಂದಿರು. ಪ್ರತಿಮಾ ಒಂದು ಬಟ್ಟಲಲ್ಲಿ ಬಾಳೆಹಣ್ಣಿನ ಹಲ್ವ ಇಟ್ಟುಕೊಂಡು ನಿಂತಿದ್ದಳು. ಆ ಸೀಸೆಯ ಕಡ್ಡಿಯನ್ನು ಹಲ್ವದ ಮೇಲೆ ಹೇಗೆ ಗೀರಬೇಕೆಂದು ತೋರಿಸುತ್ತಿದ್ದಳು. ಸಭೆ ಬಿದ್ದು ಬಿದ್ದು ನಗುತ್ತಿತ್ತು. ಆಮೇಲೆ ಅವಳು ಕೇಳಿದಳು: "ಆ ಸೀಸೆ ಯಾರ್ ಯಾರ್ ಮನೇಲಿ ಕಪಾಟೊಳಗೆ ಇತ್ತ್? ಸತ್ಯ ಹೇಳ್ಕ್." ಒಂದೊಂದಾಗಿ ಕೈಗಳು ಮೇಲೆದ್ದವು. ಯಾಕೆ ಕಳಿಸಲಿಲ್ಲ ಎಂದು ಒಬ್ಬೊಬ್ಬರನ್ನೇ ಕೇಳಿ, ಅವರು ಹೇಳುವ ತನಕ ಕಾದಳು. ಒಬ್ಬ ಮುದುಕರು, ನಾಚಿಕೆಗಲ್ಲ, ಏನಾದರೂ ಇದೆ ಅಂತ ಬಂದರೆ ಇಲ್ಲಿ ನನಗೆ ಯಾರಿದ್ದಾರೆ ಎಂದರು. ಪ್ರತಿಮಾ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತಳು.

ಶುರುವಿನಲ್ಲಿ ಅವಳು ಹೇಳಿದ್ದು ನನ್ನ ಲಕೋಟೆಯ ಕತೆ. "ನಮ್ಮ ಅಕ್ಕ ಒಬ್ರ್ ಸಟನ್ನಲ್ಲಿ ಇದ್ರ್" ಎಂದೇ ಶುರು ಮಾಡಿದ್ದಳು. ಕದ್ದದ್ದಲ್ಲ, ನನ್ನದೆಂದು ಹೇಳಿಯೇ ಹೇಳಿದ್ದಳು. ಕದ್ದಿದ್ದರೆ ಎಷ್ಟು ಸುಖವಾಗಿ ಬೈಯಬಹುದಿತ್ತು.

"ನಿಮಗೆ ಅವಳಿಗಿಂತ ಹೆಚ್ಚು ಗೊತ್ತು, ಮಹಾ" ಎಂದರು ಕ್ಯಾರೊಲ್. ಮಹಾನಂದಾ ಇಲ್ಲಿ ಯಾರ ಬಾಯಲ್ಲೂ ನಿಲ್ಲದು, ಹಾಗಾಗಿ ನಾನು ಮಹಾ. "ಲೈಬ್ರರಿಗೆ ನಾನೂ ಬಂದಿದ್ದೆ. ನೀವು ಅವರಿಗೆ ಎಲ್ಲವನ್ನೂ ಹೇಳಿದಿರಿ. ಒಂದನ್ನೂ ಕೇಳಲಿಲ್ಲ."

ಈ ಮಾತು ನಿಜ ಎಂದು ಗೊತ್ತಾಗಿಯೂ ನನಗೆ ಅವರ ಮೇಲೆ ಒಂದು ವಾರ ಕೋಪವಿತ್ತು.

ಸೇರ್ಪಡೆಯ ದಿನಕ್ಕೆ ಹೊಸ ಸದಸ್ಯರು ತಮ್ಮವರನ್ನು ಕರೆತರಬಹುದಿತ್ತು. ಶನಿವಾರ ಹೋಟೆಲಿನಲ್ಲಿ ಬಿಡುವಿಲ್ಲ, ಗಂಡ ಬರಲಾರ. "ನೀವ್ ಬತ್ರಿಯಾ ಅಕ್ಕ? ನಂಗೆ ಇಲ್ಲಿ ಮತ್ತೆ ಯಾರ್ ಇದ್ರ್?" ಎಂದು ಪ್ರತಿಮಾ ಕೇಳಿದಳು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಇಳಕಲ್ ಸೀರೆ ಉಟ್ಟು, ಮೇಲೆ ದಪ್ಪ ಕೋಟು ಹಾಕಿಕೊಂಡು ಹೋದೆ.

ಕಾಲೇಜಿನ ಮೇಲಿನ ಅಂತಸ್ತಿನ ಕೋಣೆ. ಗಾಜಿನಾಚೆ ಒಲಿಂಪಿಕ್ ಪಾರ್ಕಿನ ಬೋಳು ಮರಗಳು. ಮೇಜಿನ ಮೇಲೆ ದೀಪ ಅಂದರೆ ಬ್ಯಾಟರಿಯ ಮೇಣದ ಬತ್ತಿ. ಬೆಂಕಿ ಹಚ್ಚಿದರೆ ಇಲ್ಲೂ ಚಾವಣಿಯ ಗಂಟೆ ಸುಮ್ಮನಿರುವುದಿಲ್ಲ. ಹೊಸಬರು ಒಬ್ಬೊಬ್ಬರಾಗಿ ಮುಂದೆ ಹೋಗಿ, ಕಲಿತದ್ದನ್ನು ಜನರ ಒಳಿತಿಗೆ ಬಳಸುತ್ತೇನೆ ಎಂದು ಹೇಳಿ ಬತ್ತಿಯ ಗುಂಡಿ ಒತ್ತಿದರು. ಆಮೇಲೆ ಕ್ಯಾರೊಲ್ ಹೇಳಿದರು: ಈಗ ಜೊತೆಗೆ ಬಂದವರು ತಮ್ಮ ತಮ್ಮ ಸದಸ್ಯರಿಗೆ ಪಿನ್ನು ಚುಚ್ಚಬೇಕು.

ಅದು ನನಗೆ ಗೊತ್ತಿರಲಿಲ್ಲ. ನೀಲಿ ಬಣ್ಣದ, ಹುಣಸೆ ಬೀಜದಷ್ಟು ದೊಡ್ಡ ಪಿನ್ನು ನನ್ನ ಅಂಗೈಗೆ ಬಂತು. ಪ್ರತಿಮಾ ಭುಜ ತಗ್ಗಿಸಿ ನಿಂತಳು. ಅವಳುಟ್ಟದ್ದು ಮದುವೆಯ ರೇಷ್ಮೆಸೀರೆ. ಸೆರಗಿನ ಮಡಿಕೆ ದಪ್ಪಗಿತ್ತು. ಎಷ್ಟು ಕೂಸುಗಳಿಗೆ ಸೂಜಿ ಹಾಕಿದ ಕೈ ನನ್ನದು, ತಾಯಂದಿರು ನರ್ಸಬಾಯಾರ ಕೈ ಹಗುರ ಅನ್ನುತ್ತಿದ್ದರು. ಆ ದಿನ ಪಿನ್ನು ಒಳಗೇ ಹೋಗಲಿಲ್ಲ. ತೆಗೆದು ಮತ್ತೆ ಚುಚ್ಚಿದೆ, ವಾರೆಯಾಯಿತು. ಮತ್ತೆ ತೆಗೆದೆ. ಅವಳ ಉಸಿರು ನನ್ನ ಕೈಗೆ ತಾಗುತ್ತಿತ್ತು. ಇದು ನನ್ನ ಸೆರಗಿನ ಮೇಲಿರಬೇಕಾಗಿತ್ತು ಎಂಬ ಒಂದೇ ಮಾತು ತಲೆಯಲ್ಲಿ. ಕೊನೆಗೆ ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಹೊರಗೆ ಬಂದು ಟ್ಯೂಬಿಗೆ ಕಾಯುವಾಗ ಅವಳು ಕೇಳಿದಳು. "ಅಕ್ಕ, ನಿಮ್ಗೆ ಬೇಜಾರ್ ಆಯ್ತಾ?"

"ಹೊಟ್ಟಿ ಉರದೈತವಾ. ಸುಳ್ಳ ಯಾಕ ಹೇಳ್ಲಿ."

ಅವಳು ಅಳಲೂ ಇಲ್ಲ, ನನ್ನ ಕೈ ಹಿಡಿಯಲೂ ಇಲ್ಲ. ಹಳಿಯ ಕಡೆ ನೋಡಿದಳು. ಆಮೇಲೆ, "ಉರೀಲಿ. ನೀವ್ ಊರ್ ಕತೆ ಹೇಳುವತ್ತಿಗೆ ನಂಗೂ ಉರಿತಿತ್ತ್. ನಂಗೆ ಹೇಳ್ಕಂಬುಕೆ ಒಂದ್ ಕೆಲ್ಸ ಅಂಬುದ್ ಇರ್ಲಿಲ್ಲ ಅಲ್ದಾ" ಎಂದಳು. ಟ್ಯೂಬು ಬಂತು. ಹತ್ತಿ ಕೂತ ಮೇಲೆ ಇನ್ನೊಂದು ಮಾತು ಸೇರಿಸಿದಳು. "ಇನ್ನೊಂದ್ ಸಲ ಕಾರ್ಯಕ್ರಮ ಮಾಡಿ. ನಾನ್ ಹೆಲ್ಪ್ ಮಾಡ್ತೆ."

ನಾನು ಕಲಿಸಿದವಳು ನನಗೆ ಹೆಲ್ಪ್ ಮಾಡುವವಳಾದಳು. ಅದು ಪಿನ್ನಿಗಿಂತ ಆಳಕ್ಕೆ ಹೋಯಿತು. ಅವಳ ಸಹಾಯ ಬೇಡ ಎಂದೇ, ಅವಳಿಗೆ ಹೇಳದೆಯೇ, ಮಾಡಿ ತೋರಿಸಲು ಹೊರಟೆ. ಸಟನ್ನಿನಲ್ಲಿ ಮನೆಯವರು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಬೇರೆ ಬೇರೆ ದೇಶದಿಂದ ಬಂದ ನರ್ಸುಗಳಿದ್ದರು. ನಮ್ಮ ಕಡೆಯವರು, ಕೇರಳದವರು, ಫಿಲಿಪೀನ್ಸಿನವರು. ರೋಗಿಗಳಿಗೆ ಉಣಿಸಿ ತಾವು ಬಿಸ್ಕತ್ತು ತಿಂದು ಬದುಕುವವರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ರಕ್ತ ಕಡಿಮೆ ಎಂದು ನನಗೆ ಗೊತ್ತಾಗುತ್ತಿತ್ತು. ಭಾನುವಾರದ ಒಂದು ಮಧ್ಯಾಹ್ನ ಹತ್ತು ಹನ್ನೆರಡು ಜನರನ್ನು ಮನೆಗೆ ಕರೆದೆ. ಜೋಳದ ರೊಟ್ಟಿ, ಮೆಂತ್ಯ ಪಲ್ಯ, ಹೆಸರುಕಾಳಿನ ಉಸುಳಿ, ಶೇಂಗಾ ಚಟ್ನಿ. ಲೈಬ್ರರಿಯಲ್ಲಿ ತೋರಿಸಿದ್ದ ಚಿತ್ರಗಳನ್ನು ಒಳಕೋಣೆಯಲ್ಲೇ ಬಿಟ್ಟು ಬಂದೆ. ಎಲ್ಲರ ತಟ್ಟೆಗೂ ಬಡಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದೆ: ನೀವು ಹೀಗೆ ಕುಳಿತು ಉಂಡದ್ದು ಯಾವಾಗ?

ಕೇಳಿ ಬಾಯಿ ಮುಚ್ಚಿಕೊಂಡೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ಪಲ್ಯದಲ್ಲಿ ಕಬ್ಬಿಣದಂಶ ಎಷ್ಟಿದೆ, ಮೇಲೆ ಲಿಂಬೆ ಯಾಕೆ ಹಿಂಡಬೇಕು, ಊಟದ ಜೊತೆಗೆ ಚಹಾ ಯಾಕೆ ಕುಡಿಯಬಾರದು, ಎಲ್ಲವೂ ನಾಲಿಗೆಯ ತುದಿಗೆ ಬಂದು ಕುಣಿಯುತ್ತಿದ್ದವು. ತಡೆದುಕೊಂಡೆ. ಆಮೇಲೆ ಒಬ್ಬಳು ಮಲಯಾಳಿ ಹುಡುಗಿ ನೆನಪಿಲ್ಲ ಎಂದಳು. ಇನ್ನೊಬ್ಬಳು, ಔಷಧದ ಗಾಡಿಯ ಹಿಡಿಕೆ ಹಿಡಿದು ನಿಂತೇ ತಿನ್ನುತ್ತೇನೆ, ಕೂತರೆ ಊರಿನ ಅಡುಗೆಮನೆ ನೆನಪಾಗುತ್ತದೆ ಎಂದಳು. ಫಿಲಿಪೀನ್ಸಿನ ಹಿರಿಯಾಕೆ ತುತ್ತು ಕೈಯಲ್ಲೇ ಹಿಡಿದು ಅತ್ತಳು. ಸಂಜೆಯ ತನಕ ಕೂತರು. ಹೋಗುವಾಗ, ಇನ್ನು ಮೇಲೆ ಡ್ಯೂಟಿಯ ನಡುವೆ ಇಬ್ಬಿಬ್ಬರು ಜೋಡಿಯಾಗಿ ಕುಳಿತು ಉಣ್ಣುವುದು, ಒಬ್ಬಳು ಎದ್ದರೆ ಇನ್ನೊಬ್ಬಳು ಕೂರಿಸುವುದು ಎಂದು ಅವರೇ ಮಾತಾಡಿಕೊಂಡರು. ರಕ್ತ ಪರೀಕ್ಷೆಗೆ ಯಾರ ಹತ್ತಿರ ಹೋಗಬೇಕೆಂದು ಕೇಳಿದರು. ಆಗ ಹೇಳಿದೆ. ಲಿಂಬೆಯ ವಿಷಯವನ್ನೂ ಹೇಳಿದೆ, ಇನ್ನು ತಡೆಯಲಾಗಲಿಲ್ಲ.

ಮುಂದಿನ ವರ್ಷ ನನಗೂ ಇಮೇಲು ಬಂತು. ಕೊನೆಯ ಸಾಲಿನಲ್ಲಿ, ನಿಮ್ಮ ಹೆಸರನ್ನು ಸೂಚಿಸಿದವರು ಸದಸ್ಯೆ ಪ್ರತಿಮಾ ಎಂದಿತ್ತು. ನಾನು ಹೇಳಿರದಿದ್ದರೂ ಯಾರಿಂದಲೋ ಕೇಳಿ, ಆ ನರ್ಸುಗಳನ್ನು ಹುಡುಕಿಕೊಂಡು ಮಾತಾಡಿಸಿ ಸೂಚಿಸಿದ್ದಳು. ಸಂತೋಷವಾಯಿತು. ಅದರ ಹಿಂದೆಯೇ, ಇದೂ ಅವಳ ಕೈಯಿಂದಲೇ ಬರಬೇಕಾಗಿತ್ತೇ ಅನ್ನಿಸಿತು. ಎರಡೂ ಒಟ್ಟೊಟ್ಟಿಗೇ ಆದವು, ಯಾವುದನ್ನೂ ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ಅವಳು ಸಂಘದ ಅಧ್ಯಕ್ಷೆಯಾಗಿದ್ದಳು. ವೇದಿಕೆಯ ಮೇಲಿಂದ ಹೆಸರು ಕರೆಯುವುದು ಅವಳೇ. ಆ ಕೋಣೆಯಲ್ಲಿ ನನ್ನ ಹೆಸರು ಮೊದಲ ಸಲ ಪೂರ್ತಿಯಾಗಿ, ಮನೆತನದ ಅಡ್ಡಹೆಸರಿನ ಸಮೇತ, ಒಂದು ಅಕ್ಷರವೂ ಮುರಿಯದೆ ಕೇಳಿಸಿತು. ಬತ್ತಿಯ ಗುಂಡಿ ಒತ್ತಿದೆ. ಪಿನ್ನನ್ನು ಮನೆಯವರು ಒಂದೇ ಸಲಕ್ಕೆ ಚುಚ್ಚಿದರು. ಆಮೇಲೆ ಪ್ರತಿಮಾ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಇಡೀ ಸಭೆಯನ್ನು ನಗಿಸಿದಳು. ಸೃಷ್ಟಿ ಎಲ್ಲರಿಗಿಂತ ಜೋರಾಗಿ ನಕ್ಕಳು. ನನ್ನ ಸೆರಗಿಗೆ ಪಿನ್ನು ಇತ್ತು, ಆದರೂ ನನ್ನ ಕಣ್ಣು ಅವಳ ಕೈಯಲ್ಲಿದ್ದ ಮೈಕಿನ ಮೇಲಿತ್ತು.

ಮರುದಿನ ಬೆಳಿಗ್ಗೆ ಫೋಟೋವನ್ನು ಯಲ್ಲವ್ವನಿಗೆ ಕಳಿಸಿ ಫೋನು ಮಾಡಿದೆ. ಯಲ್ಲವ್ವ ನಮ್ಮ ಉಪಕೇಂದ್ರದ ಆಶಾ ಕಾರ್ಯಕರ್ತೆ. ನನ್ನ ಜೊತೆ ಬಿಸಿಲಲ್ಲಿ ಅಲೆದವಳು.

"ಭಾರಿ ಚಂದ ಕಾಣಾಕತ್ತೀರಿ ಅಕ್ಕಾರ" ಎಂದಳು. "ಅಲ್ಲೂ ಹೆಸರು ಮಾಡಿದ್ರಿ." ನನಗೆ ಕಣ್ಣು ತುಂಬಿ ಬಂತು. ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ನನ್ನ ಜಾಗಕ್ಕೆ ಬಂದ ರೇಣುಕಾ ಎಂಬ ಹುಡುಗಿಯ ಸುದ್ದಿ ತೆಗೆದಳು. ಈಗ ಬಸುರಿಯರು ತಾವೇ ಕೇಂದ್ರಕ್ಕೆ ಬಂದು ರಕ್ತ ತೋರಿಸಿಕೊಳ್ಳುತ್ತಾರಂತೆ. ರೇಣುಕಾ ಹೆಣ್ಣುಮಕ್ಕಳಿಗೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿ ದಿನಾ ಏನು ಉಂಡಿರಿ ಎಂದು ಕೇಳುತ್ತಾಳಂತೆ. ಕಫದ ಡಬ್ಬಿಗೆ ಈಗ ಯಾರೂ ಸುಣ್ಣ ತುಂಬುವುದಿಲ್ಲವಂತೆ. "ನಮ್ಮ ಬಾಯಾರು ಭಾಳ ಶಾಣ್ಯಾರಿದ್ದಾರ್ರಿ" ಎಂದಳು.

ನಮ್ಮ ಬಾಯಾರು. ಆ ಮಾತು ನನ್ನದಾಗಿತ್ತು. ನಾನು ಕಾಣದ ಆ ಹುಡುಗಿಯ ಮೇಲೆ, ಪ್ರತಿಮಾಳ ಮೇಲೆ ಉರಿದದ್ದಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ಬಿಟ್ಟು ಬಂದವಳು ನಾನೇ. ನನ್ನ ಕೆಲಸ ಬೇರೊಬ್ಬಳು ಚೆನ್ನಾಗಿ ಮಾಡುತ್ತಿದ್ದಾಳೆ, ಕೂಸುಗಳು ಗಟ್ಟಿಯಾಗಿ ಹುಟ್ಟುತ್ತಿವೆ. ಇದು ಒಳ್ಳೆಯದೆಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಆದರೂ ಕೇಳಿದೆ.

"ನನ್ನ ನೆನಸ್ತಾರೇನ ಯಲ್ಲವ್ವಾ?"

"ನೆನಸದ ಇರ್ತಾರೇನ್ರಿ? ದಿನಾ ಕೇಳ್ತಾರ. ಯಾವಾಗ ಬರ್ತಾರ, ಬಂದ್ರ ಎಷ್ಟ ದಿನಾ ಇರ್ತಾರ ಅಂತ."

ಎಷ್ಟು ದಿನ ಇರುತ್ತೀರಿ ಎಂದು ನಾವು ಕೇಳುವುದು ನೆಂಟರನ್ನು. ಊರ ಮನುಷ್ಯರನ್ನು ಯಾರೂ ಹಾಗೆ ಕೇಳುವುದಿಲ್ಲ. ಇಲ್ಲಿ ಕೆಲಸದ ಮನೆಯಲ್ಲಿ ಜೊತೆಯವರು, ಬೇಸಗೆ ಬಂತೆಂದರೆ, ಈ ಸಲ ರಜೆಗೆ ಮನೆಗೆ ಹೋಗುತ್ತೀಯಾ ಎಂದು ಕೇಳುತ್ತಾರೆ. ಸಟನ್ನಿನ ಮನೆಯ ಬೀಗದ ಕೈ ಸೊಂಟದಲ್ಲಿಟ್ಟುಕೊಂಡೇ ನಾನು ಹೌದು ಅನ್ನುತ್ತೇನೆ.

"ಹದಿನೈದು ದಿನ" ಎಂದೆ ಯಲ್ಲವ್ವನಿಗೆ.

"ಅಷ್ಟ ಏನ್ರಿ? ಇರ್ಲಿ. ಬರ್ರಿ, ರೇಣುಕಾ ಬಾಯಾರ್ನ ಭೇಟಿ ಮಾಡಸ್ತೀನಿ. ಅವರೂ ನಿಮ್ಮ ಹೆಸರು ಕೇಳ್ಯಾರ" ಎಂದಳು.

ಫೋನು ಇಡುವಷ್ಟರಲ್ಲಿ ಪ್ರತಿಮಾಳ ಸಂದೇಶ ಬಂದಿತ್ತು. ಮಂಗಳವಾರ ಸಂಘದ ಸಭೆ, ಹೊಸ ಸದಸ್ಯರು ಒಬ್ಬೊಬ್ಬರೂ ಒಂದೊಂದು ಹೊಣೆ ಹೊರಬೇಕು, ನಿಮ್ಮದು ಯಾವುದು ಎಂದು ಕೇಳಿದ್ದಳು. ಆ ಊರಿನ ಹುಡುಗಿಯ ಮೇಲೂ ಈ ಊರಿನ ಗೆಳತಿಯ ಮೇಲೂ ಹೊಟ್ಟೆಕಿಚ್ಚು ಪಡುತ್ತಾ, ಎರಡೂ ಕಡೆಯಿಂದ ನನ್ನ ಪಾಲು ಕೇಳುತ್ತಾ ಸ್ವಲ್ಪ ಹೊತ್ತು ಕುಳಿತಿದ್ದೆ. ಆಮೇಲೆ ಉತ್ತರ ಬರೆದೆ: ನೀನು ಮಾಡಲಾಗದ್ದು ಯಾವುದಾದರೂ ಇದ್ದರೆ ಅದನ್ನು ನನಗೆ ಕೊಡು.